ಗುಡೂರ ರೇಣವ್ವ ಮತ್ತು ಬೆಳ್ಳಗಾದ ಬಂಗಾರ

ಇಳಕಲ್ಲಿನ ಸಂತೆಯಲ್ಲಿ ಬೆಣ್ಣೆ ಮಾರುವವರ ಸಾಲಿನಲ್ಲಿ ಗುಡೂರ ರೇಣವ್ವನನ್ನು ಹುಡುಕುವುದು ಕಷ್ಟವಿರಲಿಲ್ಲ. ಎಲ್ಲರಿಗಿಂತ ಬೆಳ್ಳನೆಯ ಬೆಣ್ಣೆ ಅವಳದು, ಎಲ್ಲರಿಗಿಂತ ಕಪ್ಪು ಕೈಯೂ ಅವಳದೇ. "ಏನವಾ, ಇಷ್ಟು ಕರೀ ಕೈಯಾಗ ಇಷ್ಟು ಬಿಳೇ ಬೆಣ್ಣಿ ಹ್ಯಾಂಗ ಬಂತು?" ಎಂದು ಯಾರಾದರೂ ಕೆಣಕಿದರೆ, "ನಮ್ಮ ಎಮ್ಮಿನ್ನ ಕೇಳ್ರಿ. ಅದು ನನಗಿಂತ ಕರಗ ಐತಿ" ಎಂದು ಬೆಣ್ಣೆಯ ಉಂಡೆಯನ್ನು ಮುತ್ತುಗದ ಎಲೆಯ ಮೇಲೆ ತಪ್ಪನೆ ಇಡುತ್ತಿದ್ದಳು. ಕೆಣಕಿದವರು ನಗುತ್ತಲೇ ಕೊಂಡು ಹೋಗುತ್ತಿದ್ದರು.

ನಮ್ಮ ಮಂದಿಯದು ಒಂದು ವಿಚಿತ್ರ. ಎರೆಹೊಲದ ಮಣ್ಣು ಕಪ್ಪಾದಷ್ಟೂ ಹೊಲ ಚಲೋ ಅನ್ನುತ್ತಾರೆ. ಬೀರಪ್ಪ ದೇವರ ಮುಂದೆ ಹಾಸುವ ಕಂಬಳಿ ಅಚ್ಚಗಪ್ಪಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಎಮ್ಮೆ ಮಿರಿಮಿರಿ ಕಪ್ಪಿದ್ದರೆ ದೃಷ್ಟಿ ತೆಗೆಯುತ್ತಾರೆ. ಹೆಣ್ಣುಮಗಳೊಬ್ಬಳು ಕಪ್ಪಾಗಿ ಹುಟ್ಟಿದರೆ ಮಾತ್ರ ಎಲ್ಲರ ಮೂಗೂ ಒಮ್ಮೆಗೇ ಸೊಟ್ಟಗಾಗುತ್ತದೆ. ರೇಣವ್ವನಿಗೆ ಇದು ಚಿಕ್ಕಂದಿನಿಂದ ಗೊತ್ತಿತ್ತು, ಅವಳು ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಆದರೆ ತಾನು ಸಾಕಿದ ಹುಡುಗಿ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕುಳಿತಿದ್ದಾಳೆಂಬುದು ಅವಳಿಗೆ ತಿಳಿಯಲಿಲ್ಲ.

ಆ ಹುಡುಗಿ ಪದ್ಮವ್ವ, ರೇಣವ್ವನ ಗಂಡ ಮಾಳಪ್ಪನ ತಂಗಿ. ರೇಣವ್ವ ಸೊಸೆಯಾಗಿ ಗುಡೂರಿಗೆ ಬಂದಾಗ ಅತ್ತೆ ತೀರಿಕೊಂಡಿದ್ದಳು, ಪದ್ಮವ್ವ ಇನ್ನೂ ಅಂಬೆಗಾಲಿಡುವ ಕೂಸು. ಮಾಳಪ್ಪ ಕುರಿಗಳ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ರೇಣವ್ವನಿಗೆ ಮಕ್ಕಳಾಗಲಿಲ್ಲ, ಆಗಬೇಕೆಂಬ ಹಳಹಳಿಯೂ ಉಳಿಯಲಿಲ್ಲ. ಮನೆಯಲ್ಲಿ ಒಂದು ಮಗು ಇತ್ತಲ್ಲ! ಅದಕ್ಕೆ ಹೇನು ಹೆಕ್ಕಿದ್ದು, ಹೆರಳು ಹಾಕಿದ್ದು, ಸಾಲಿಗೆ ಕಳಿಸಿದ್ದು, ಸಾಲಿ ತಪ್ಪಿಸಿದಾಗ ಬೆನ್ನಿಗೆ ಗುದ್ದಿದ್ದು ಎಲ್ಲವೂ ಅವಳೇ.

ಎಪ್ಪತ್ತರ ದಶಕದ ಕೊನೆಕೊನೆಗೆ ಪದ್ಮವ್ವನಿಗೆ ಗಂಡು ನೋಡಲು ಶುರುಮಾಡಿದರು. ಬಂದವರು ಚುರುಮುರಿ ತಿಂದು, ಚಹಾ ಕುಡಿದು, ಹುಡುಗಿಯನ್ನು ಬಾಗಿಲ ಬೆಳಕಿಗೆ ಕೂರಿಸಿ ನೋಡಿ, "ಬಣ್ಣ ಒಂದೀಟು ಕಮ್ಮಿ ಆತು" ಎಂದು ಎದ್ದು ಹೋಗುತ್ತಿದ್ದರು. ಒಮ್ಮೆ ರೇಣವ್ವನಿಗೆ ತಡೆಯಲಾಗಲಿಲ್ಲ. "ಕಮ್ಮಿ ಎಲ್ಲಿ ಆಗೇತ್ರಿ? ಹೆಚ್ಚಾಗೇತಿ ಅನ್ರಿ!" ಎಂದು ಹೊಸ್ತಿಲಲ್ಲೇ ಕೂಗಿಬಿಟ್ಟಳು. ಹೋಗುತ್ತಿದ್ದವರು ತಿರುಗಿಯೂ ನೋಡಲಿಲ್ಲ. ಒಳಗೆ ಪದ್ಮವ್ವ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಕೊನೆಗೆ ಕುಳಗೇರಿ ಕ್ರಾಸಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮುತ್ತಪ್ಪನೆಂಬ ಹುಡುಗ ಒಪ್ಪಿದ. ಒಳ್ಳೆಯವ, ಹೆಚ್ಚು ಮಾತಿಲ್ಲದವ. ಅವನ ತಾಯಿ ಬೋರವ್ವ ಮಾತ್ರ ಹೊರಡುವಾಗ, "ಹುಡುಗಿ ಲಕ್ಷಣ ಐತಿ. ಇನ್ನೊಂಚೂರು ತಿಳಿ ಇದ್ದಿದ್ರ ಸಾಕ್ಷಾತ್ ಲಕ್ಷ್ಮಿ" ಎಂದಳು. ಹೀಗೆಂದ ಬೋರವ್ವನೇನು ಹಾಲಿನಲ್ಲಿ ಅದ್ದಿ ತೆಗೆದವಳಾಗಿರಲಿಲ್ಲ. ಬಾಣಲೆಯ ತಳಕ್ಕೂ ಅವಳಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಆ ಮಾತು ಪದ್ಮವ್ವನೊಳಗೆ ಮುಳ್ಳಿನ ಹಾಗೆ ಮುರಿದು ಉಳಿಯಿತು.

ಆಗ ಇಳಕಲ್ಲಿನ ಸಂತೆಗೆ ಒಬ್ಬ ಡಬ್ಬಿಯವ ಬರುತ್ತಿದ್ದ. ಉಳಿದ ದಿನ ಕುಳಗೇರಿ ಕ್ರಾಸಿನ ಬಸ್ಸು ನಿಲ್ಲುವಲ್ಲಿ ಇರುತ್ತಿದ್ದ. ತಗಡಿನ ಟ್ರಂಕಿನ ತುಂಬ ಹಳದಿ ಡಬ್ಬಿಗಳು, ಮುಚ್ಚಳದ ಮೇಲೆ ಬೆಳ್ಳನೆಯ ಹೆಂಗಸಿನ ಚಿತ್ರ. ಎಲ್ಲಿ ಮಾಡಿದ್ದು, ಏನು ಹಾಕಿ ಮಾಡಿದ್ದು, ಒಂದಕ್ಷರವೂ ಇಲ್ಲ. "ಮುಂಬೈದಾಗ ಮೇಮಸಾಬರು ಮಾರಿಗಿ ಹಚ್ಚೋ ಸ್ನೋ! ಕಾಗೀನ ಕೊಕ್ಕರಿ ಮಾಡ್ತೈತಿ!" ಎಂದು ಬಲಗೈ ಮೇಲೆತ್ತಿ ಕೂಗುತ್ತಿದ್ದ. ಆ ಕೈಯಲ್ಲೊಂದು ದಪ್ಪ ಬಂಗಾರದ ಉಂಗುರ ಥಳಥಳಿಸುತ್ತಿತ್ತು. ಆದರೆ ಡಬ್ಬಿಯಿಂದ ಸ್ನೋ ತೆಗೆದು ಹೆಂಗಸರ ಅಂಗೈಗೆ ಹಚ್ಚುವುದು ಮಾತ್ರ ಎಡಗೈಯಿಂದ. ಬೆಣ್ಣೆ ಬುಟ್ಟಿಯ ಹಿಂದೆ ಕುಳಿತ ರೇಣವ್ವ ಇದನ್ನು ನೋಡಿ ನೋಡಿ ಬೇಸರಪಟ್ಟಿದ್ದಳು. "ಬೋಣಿಗಿ ಹೊತ್ತಿನ್ಯಾಗ ಎಡಗೈಲೆ ಕೊಡ್ತಾನ. ಇವಗ ಹಿರೇರು ಏನೂ ಕಲಿಸಿಲ್ಲೇನು?" ಎಂದು ಪಕ್ಕದವಳ ಹತ್ತಿರ ಗೊಣಗಿದ್ದಳು. ಇವಳು ಗಿರಾಕಿಗಳೊಂದಿಗೆ ಮಾತಾಡುತ್ತಿದ್ದ ಒಂದು ಸಂತೆಯಲ್ಲಿ ಪದ್ಮವ್ವ ಸದ್ದಿಲ್ಲದೆ ಹೋಗಿ ಒಂದು ಡಬ್ಬಿ ಕೊಂಡು ಸೆರಗಿಗೆ ಕಟ್ಟಿಕೊಂಡಳು.

ಮದುವೆಯ ಹೊತ್ತಿಗೆ ಪದ್ಮವ್ವನ ಮುಖ ನಿಜವಾಗಿಯೂ ತಿಳಿಯಾಯಿತು. ಮದುವಣಗಿತ್ತಿಯ ಕಳೆ ಎಂದುಕೊಂಡ ರೇಣವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ತನ್ನ ತವರಿನವರು ಕೊಟ್ಟಿದ್ದ ಬೋರಮಾಳ ಸರದಿಂದ ಕೆಲವು ಗುಂಡು ಬಿಚ್ಚಿ, ಇಳಕಲ್ಲಿನ ಪತ್ತಾರ ಅಂದಾನಪ್ಪನ ಕೈಯಲ್ಲಿ ಚಂದದ ಮೂಗುಬೊಟ್ಟು ಮಾಡಿಸಿದಳು. "ಇದನ್ನ ಎಂದೂ ತಗೀಬ್ಯಾಡವಾ, ಮುತ್ತೈದಿತನದ್ದು" ಎಂದು ತಾನೇ ಅವಳ ಮೂಗಿಗೆ ಏರಿಸಿದಳು. ಪದ್ಮವ್ವ ಆ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ನಮ್ಮ ಕಡೆ ಎಲ್ಲರೂ ನಡೆಸುತ್ತಾರೆ. ಮುಖ ತೊಳೆಯುವಾಗಲೂ ಮೂಗಿನದು ಮೂಗಿನಲ್ಲಿ, ಕೊರಳಿನದು ಕೊರಳಿನಲ್ಲಿ. ಸ್ನೋ ಹಚ್ಚುವಾಗಲೂ ಅಷ್ಟೇ.

ಗಂಡನ ಮನೆಯಲ್ಲಿ ಕೆಲವು ತಿಂಗಳು ಎಲ್ಲ ಸರಿಯಿತ್ತು. ಡಬ್ಬಿಯವನೂ ಅದೇ ಕ್ರಾಸಿನಲ್ಲಿ ಸಿಗುತ್ತಿದ್ದ. ಆಮೇಲೆ ಕೆನ್ನೆಯ ಮೇಲೆ ಬೂದಿ ಬಣ್ಣದ ಕಲೆಗಳೆದ್ದವು. ಕಲೆ ಮುಚ್ಚಲು ಪದ್ಮವ್ವ ಇನ್ನಷ್ಟು ಹಚ್ಚಿದಳು. ಪಾದ ಬಾತವು. ಬಸುರಿಯ ಬಾವು ಎಂದು ತಿಳಿದ ಬೋರವ್ವ ಖುಷಿಯಲ್ಲಿ ಸಜ್ಜಕ ಮಾಡಿ ತಿನ್ನಿಸಿದಳು. ಬಸುರೂ ಅಲ್ಲ, ಮಣ್ಣೂ ಅಲ್ಲ. ಬರಬರುತ್ತಾ ಕಣ್ಣಿನ ಸುತ್ತ ಊದಿಕೊಂಡಿತು, ಕೈ ನಡುಗಿ ಚಹಾದ ಬಟ್ಟಲು ಜಾರತೊಡಗಿತು. ಮುತ್ತಪ್ಪ ತಾಯಿಯನ್ನೂ ಕರೆದುಕೊಂಡು ಅವಳನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದ. ಅಲ್ಲಿಯ ಡಾಕ್ಟರಬಾಯಿ ಕಾಲು ಒತ್ತಿ ನೋಡಿ, ಮುಖ ನೋಡಿ, "ಮಾರಿಗಿ ಏನರ ಹಚ್ಕೋತಿಯೇನವಾ?" ಎಂದು ಕೇಳಿದರು. ಪದ್ಮವ್ವ ಓರೆಗಣ್ಣಿನಲ್ಲಿ ಅತ್ತೆಯನ್ನು ನೋಡಿದಳು. ಹಚ್ಚುತ್ತೇನೆ ಎಂದರೆ, ತನ್ನ ತಿಳಿಬಣ್ಣ ಡಬ್ಬಿಯದೆಂದು ಒಪ್ಪಿಕೊಂಡಂತೆ. "ಏನಿಲ್ರಿ ಬಾಯಾರ. ಬರೇ ಅರಿಷಿಣ" ಎಂದಳು. ಮೂತ್ರ ತಪಾಸಣೆ ಮಾಡಿಸಿಕೊಂಡು ಮತ್ತೆ ಬರಬೇಕೆಂದು ಅವರು ಹೇಳಿದ್ದರು. ಇವಳು ಹೋಗಲೇ ಇಲ್ಲ.

ಅಷ್ಟರಲ್ಲಿ ಮೂಗುಬೊಟ್ಟು ಬೆಳ್ಳಗಾಯಿತು.

ಬಿರುಬೇಸಿಗೆಯ ಒಂದು ಮುಂಜಾನೆ ಬೋರವ್ವ ಸೊಸೆಯನ್ನು ಬಸ್ಸಿಗೆ ಹಾಕಿಕೊಂಡು ಗುಡೂರಿಗೆ ಬಂದಳು. ಅಂಥ ಬಿಸಿಲಿನಲ್ಲೂ ಸೆರಗನ್ನು ಎರಡೂ ಕಿವಿ ಮುಚ್ಚುವಂತೆ ಬಿಗಿಯಾಗಿ ಹೊದ್ದಿದ್ದಳು. ಅಂಗಳದಲ್ಲಿ ನಿಂತೇ ಶುರುಮಾಡಿದಳು.

"ಬೀಗತಿ, ಬೆಳ್ಳಿಗೆ ಬಂಗಾರದ ನೀರು ಕುಡಿಸಿ ಕಳಿಸೀರಿ. ಖೊಟ್ಟಿ ಮೂಗಬಟ್ಟು, ರೋಗದ ಹುಡುಗಿ. ಎರಡನ್ನೂ ನೀವ ಇಟ್ಕೋರಿ. ಖರೆ ಬಂಗಾರ ಹಾಕಿ, ನೆಟ್ಟಗ ಮಾಡಿ ಕಳಸ್ರಿ. ಇಲ್ಲಂದ್ರ ನನ್ನ ಮಗಗ ಬ್ಯಾರೆ ಹೆಣ್ಣು ನೋಡಾಕ ನನಗೂ ಬರ್ತತಿ."

ಬೇರೆ ದಿನವಾಗಿದ್ದರೆ ರೇಣವ್ವ ಅವಳ ಏಳು ತಲೆಮಾರು ಜಾಲಾಡುತ್ತಿದ್ದಳು. ಅಂದು ಅವಳ ಕಣ್ಣು ಪದ್ಮವ್ವನ ಮೇಲಿತ್ತು. ಊದಿದ ಮುಖ, ಚಪ್ಪಲಿಯೊಳಗೆ ಹಿಡಿಸದ ಪಾದ, ಕಂಬ ಹಿಡಿದು ನಿಂತರೂ ನಡುಗುವ ಕೈ. ಈ ಹುಡುಗಿ ಸಾಯುತ್ತಾಳೆ, ನನ್ನ ಕೂಸು ಕೈಬಿಟ್ಟು ಹೋಗುತ್ತದೆ ಎಂದುಕೊಂಡಳು. ಪದ್ಮವ್ವನನ್ನು ಅಪ್ಪಿ ಒಳಗೆ ಕರೆದೊಯ್ದಳು.

ಮರುದಿನ ಅವಳನ್ನು ಕರೆದುಕೊಂಡು ಇಳಕಲ್ಲಿಗೆ ಹೋದಳು, ಅಂದಾನಪ್ಪನ ಮನೆಗೆ. ಖೊಟ್ಟಿ ಎಂಬ ಮಾತು ಕೇಳಿದ್ದೇ ಅಂದಾನಪ್ಪ ಕೆಂಡವಾದ. "ನಮ್ಮ ಅಜ್ಜನ ಕಾಲದಿಂದ ಈ ಓಣ್ಯಾಗ ಕುಂತೇವಿ. ಯಾರ ಹತ್ರ ಅಂತಿ ಈ ಮಾತು?" ಎಂದು ಎದ್ದೇ ನಿಂತ. ರೇಣವ್ವ ಪದ್ಮವ್ವನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಹಾಗೆ ತಿರುಗಿಸುವಾಗ ಅವಳ ಕಣ್ಣು ಕೊರಳಿಗೆ ಬಿತ್ತು. ತಾಳಿಯ ಅಕ್ಕಪಕ್ಕದ ಗುಂಡುಗಳೂ ಬೆಳ್ಳಗಾಗಿದ್ದವು.

"ನಿಂದರ್ರಿ ಪತ್ತಾರ್ರ" ಎಂದಳು. "ಮೂಗಬಟ್ಟು ನೀವು ಮಾಡಿದ್ದು. ತಾಳಿ ಬೀಗರು ಬಾದಾಮ್ಯಾಗ ಮಾಡಿಸಿದ್ದು. ಎರಡೂ ಬೆಳ್ಳಗಾಗ್ಯಾವ ಅಂದ್ರ ತಪ್ಪು ಬಂಗಾರದ್ದಲ್ಲ. ಈಕಿ ಮೈಮ್ಯಾಲ ಏನೋ ಐತಿ."

ಅಂದಾನಪ್ಪನ ಸಿಟ್ಟು ಇಳಿಯಿತು. ಮೂಗುಬೊಟ್ಟು ಬಿಚ್ಚಿಕೊಡಲು ಹೇಳಿದ. ಮುತ್ತೈದೆಯ ಮೂಗು ಬರಿದಾಗಬಾರದೆಂದು ರೇಣವ್ವ ಆ ರಂಧ್ರಕ್ಕೆ ಬೇವಿನ ಕಡ್ಡಿ ಏರಿಸಿದಳು. ಅವನು ಅಗ್ಗಿಷ್ಟಿಕೆಯನ್ನು ಬಯಲಿಗೆ ತಂದಿಟ್ಟು, "ದೂರ ಸರೀರಿ, ಈ ಹೊಗಿ ಕುಡೀಬಾರ್ದು" ಎಂದು ತಾನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಕ್ಕಳದಲ್ಲಿ ಹಿಡಿದು ಕಾಯಿಸಿದ. ಬಿಳುಪು ಕರಗಿ ಹೋಯಿತು. ಒಳಗಿನಿಂದ ಹಳದಿ ಬಂಗಾರ ಮಬ್ಬಾಗಿ ಮೇಲೆ ಬಂತು.

"ಪಾದರಸ" ಎಂದ ಅಂದಾನಪ್ಪ. "ಬಂಗಾರಕ್ಕ ಪಾದರಸ ಕುಂತಿತ್ತು. ಏನವಾ, ಮಾರಿಗಿ ಏನು ಹಚ್ತಿದ್ದಿ?"

ಪದ್ಮವ್ವ ಕುಸಿದು ಕುಳಿತು ಅತ್ತುಬಿಟ್ಟಳು. ಸೀರೆಯ ಗಂಟಿನಿಂದ ಹಳದಿ ಡಬ್ಬಿ ತೆಗೆದು ಅತ್ತಿಗೆಯ ಕಾಲ ಹತ್ತಿರ ಇಟ್ಟಳು. ರೇಣವ್ವ ಬೈಯಲಿಲ್ಲ. ತನ್ನ ಕೊರಳ ಬೋರಮಾಳದಿಂದ ಒಂದು ಗುಂಡು ಬಿಚ್ಚಿ, ಅದಕ್ಕೆ ಕಡ್ಡಿಯಿಂದ ಸ್ನೋ ಬಳಿದು ಬಟ್ಟೆಯಲ್ಲಿ ಕಟ್ಟಿಟ್ಟಳು. ಮರುದಿನ ಬಿಚ್ಚಿದರೆ, ತವರಿನ ಬಂಗಾರ ಬೂದಿ ಹತ್ತಿದ ಬೆಳ್ಳಿಯ ಹಾಗೆ ಬಿದ್ದಿತ್ತು. ಡಬ್ಬಿಯವ ಬಲಗೈಯನ್ನು ಯಾಕೆ ಡಬ್ಬಿಗೆ ಹಾಕುವುದಿಲ್ಲ ಎಂಬುದು ಅವಳಿಗೆ ಆ ಕ್ಷಣದಲ್ಲಿ ಅರ್ಥವಾಯಿತು. ಅವನಿಗೆ ಹಿರಿಯರು ಕಲಿಸಿದ್ದರು. ಉಂಗುರ ಉಳಿಸಿಕೊಳ್ಳುವುದನ್ನು ಚೆನ್ನಾಗಿಯೇ ಕಲಿಸಿದ್ದರು.

ಬಾಗಲಕೋಟೆಯಲ್ಲಿ ಈ ಸಲ ಡಾಕ್ಟರಬಾಯಿ ಕೇಳುವ ಮೊದಲೇ ಪದ್ಮವ್ವ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಅವತ್ತು ಸುಳ್ಳು ಹೇಳಿದ್ನಿರಿ" ಎಂದಳು. ಅವರು ನಿಟ್ಟುಸಿರು ಬಿಟ್ಟರು. "ನನಗ ಅನುಮಾನ ಇತ್ತವಾ. ಇದರಾಗಿನ ಪಾದರಸ ಚರ್ಮದಾಗ ಇಳಿದು ಮೂತ್ರಪಿಂಡ ಕೆಡಸ್ತೈತಿ. ಅದಕ್ಕ ಮೈ ಬಾತೈತಿ. ಕೈ ನಡಗೋದೂ ಅದಕ್ಕ."

"ಬದುಕ್ತಾಳೇನ್ರಿ?" ರೇಣವ್ವ ಕೇಳಿದ್ದು ಅದೊಂದೇ.

"ಇವತ್ತಿನಿಂದ ಹಚ್ಚೋದು ಬಿಟ್ರ, ಹೇಳಿದ ಔಷಧ ತಗೊಂಡ್ರ, ಬದುಕ್ತಾಳ. ಹಿಂಗ ಇನ್ನ ಒಂದಷ್ಟು ದಿನ ಹಚ್ಚಿದ್ರ ನನ್ನ ಕೈಯಾಗ ಏನೂ ಉಳೀತಿದ್ದಿಲ್ಲ." ಅವರು ಡಬ್ಬಿಯನ್ನು ತಪಾಸಣೆಗೆ ಕಳಿಸುವೆನೆಂದು ಎತ್ತಿಟ್ಟರು. "ನನ್ನ ಹತ್ರ ಬಂದವರಿಗೆ ನಾ ಹೇಳ್ತೇನಿ. ಬರದವರಿಗೆ ಯಾರು ಹೇಳ್ಬೇಕು?"

"ಅವರ ಮನಿಗಿ ನಾ ಹೋಗ್ತೇನಿ ಬಿಡ್ರಿ" ಎಂದಳು ರೇಣವ್ವ.

ಪದ್ಮವ್ವನ ಪಾದದ ಬಾವು ಸ್ವಲ್ಪ ಇಳಿದು, ಬಸ್ಸು ಹತ್ತುವಷ್ಟು ತ್ರಾಣ ಬಂದ ಮೇಲೆ ಇಬ್ಬರೂ ಕುಳಗೇರಿ ಕ್ರಾಸಿಗೆ ಹೋದರು. ಮಾತಾಡುವವಳು ನಾನು, ನೀನು ಮನೆಯಲ್ಲಿರು ಎಂದು ರೇಣವ್ವ ಎಷ್ಟೋ ಹೇಳಿದ್ದಳು. ಪದ್ಮವ್ವ ಒಪ್ಪಲಿಲ್ಲ. ಬಸ್ಸಿನಲ್ಲಿ ಮಾತ್ರ ಮುಖದ ಮೇಲೆ ಸೆರಗು ಎಳೆದುಕೊಂಡೇ ಕುಳಿತಿದ್ದಳು.

ಇವರು ಇಳಿದಾಗ ಡಬ್ಬಿಯವ ಟ್ರಂಕು ತೆರೆದು ಕೂಗುತ್ತಿದ್ದ. ಬಾದಾಮಿಯ ಬಸ್ಸಿಗೆ ಕಾಯುವ ಹೆಂಗಸರು ಸುತ್ತ ನೆರೆದಿದ್ದರು. ರೇಣವ್ವ ಬೆಣ್ಣೆ ಬುಟ್ಟಿಯನ್ನು ಅವನ ಟ್ರಂಕಿನ ಪಕ್ಕದಲ್ಲೇ ಇಳಿಸಿದಳು.

"ಯಣ್ಣಾ, ನಿನ್ನ ಟ್ರಂಕು ಪೂರಾ ನಾ ಕೊಳ್ತೇನಿ."

ಅವನ ಬಾಯಿ ಕಿವಿಯವರೆಗೆ ಹೋಯಿತು. "ಕೊಳ್ಳವಾ ತಾಯಿ, ನಿನಗ ಬೇಕಾಗೇ ಐತಿ" ಎಂದು ಅವಳ ಮುಖ ನೋಡಿ ನಕ್ಕ. ಸುತ್ತಲಿನವರೂ ನಕ್ಕರು.

"ಬೇಕಾಗೇತಿ. ಆದ್ರ ಮೊದಲ ಆ ಸ್ನೋ ನಿನ್ನ ಉಂಗುರಕ್ಕ ಹಚ್ಚಿ ತೋರ್ಸು. ಬೊಗಸಿಗಟ್ಲೆ ಹಚ್ಚು. ನಾಳಿ ತನಕ ಇಲ್ಲೇ ಕುಂದರೂಣು. ಬಂಗಾರ ಬಂಗಾರಾಗೇ ಉಳೀತಂದ್ರ ಎಲ್ಲಾ ಡಬ್ಬಿ ನನ್ನವು."

ಡಬ್ಬಿಯವನ ನಗು ಮುಖದಲ್ಲೇ ನಿಂತುಹೋಯಿತು. "ಉಂಗುರಕ್ಕ ಯಾಕ? ಇದು ಮಾರಿಗಿ ಹಚ್ಚೋದು."

"ಬಂಗಾರಕ್ಕ ಆಗದ್ದು ಮಾರಿಗಿ ಆಗ್ತೈತೇನು? ಬಲಗೈ ತಗಿ. ಯಾಕ ಮುಚ್ಚಿಡ್ತಿ?"

ಅವನ ಬಲಗೈ ಆಗಲೇ ಜೇಬು ಸೇರಿತ್ತು. ನೋಡುತ್ತಿದ್ದ ಹೆಂಗಸರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆದರೂ ಅವನು ಬಿಡಲಿಲ್ಲ. "ಹುಚ್ಚಿ ಮಾತು ಕೇಳಬ್ಯಾಡ್ರಿ! ಈಕಿ ಕರಕಿ, ಬೆಳ್ಳಗಿದ್ದವರನ್ನ ಕಂಡ್ರ ಹೊಟ್ಟಿಕಿಚ್ಚು! ಯಾರಿಗೇನಾಗೇತಿ ಹೇಳ್ರಿ ನೋಡೂಣು?"

ಆಗ ಪದ್ಮವ್ವ ಮುಂದೆ ಬಂದಳು. ಬಾಗಿಲ ಬೆಳಕಿಗೂ ಹೆದರುತ್ತಿದ್ದ ಹುಡುಗಿ, ನಡುಹಗಲಿನ ಬಿಸಿಲಿನಲ್ಲಿ, ಅಷ್ಟೂ ಮಂದಿಯ ನಡುವೆ ತಲೆಯ ಮೇಲಿನ ಸೆರಗು ಜಾರಿಸಿದಳು. ಕೆನ್ನೆಯ ಬೂದಿ ಕಲೆಗಳು ಎಲ್ಲರಿಗೂ ಕಂಡವು.

"ನನಗಾಗೇತಿ" ಎಂದಳು. "ನಾ ಹಚ್ಕೊಂಡಿದ್ನಿ. ಇವನ ಕಡೇನ ತಗೊಂಡಿದ್ನಿ. ಕರಗ ಹುಟ್ಟಿದ್ದಕ್ಕ ನನಗೇನೂ ಆಗಿದ್ದಿಲ್ಲ. ಬೆಳ್ಳಗ ಆಗಾಕ ಹೋಗಿ ಸಾಯ್ತಿದ್ನಿ."

ಸೈಕಲ್ ಅಂಗಡಿಯಿಂದ ಮುತ್ತಪ್ಪ ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿ ಬಂದು ಹೆಂಡತಿಯ ಪಕ್ಕ ನಿಂತ. ಅವನ ಹಿಂದೆಯೇ ಬೋರವ್ವ, ಎಂದಿನಂತೆ ಸೆರಗು ಬಿಗಿದುಕೊಂಡು. ರೇಣವ್ವ ಮೂಗುಬೊಟ್ಟನ್ನು ಅವಳ ಮುಂದೆ ಹಿಡಿದಳು. ಅಂದಾನಪ್ಪ ಉಜ್ಜಿ ಕೊಟ್ಟಿದ್ದ ಬಂಗಾರ ಬಿಸಿಲಿಗೆ ಝಗಝಗ ಅನ್ನುತ್ತಿತ್ತು.

"ಬೀಗತಿ, ನೋಡ್ರಿ. ಖೊಟ್ಟಿ ಇದಲ್ಲ. ಖೊಟ್ಟಿ ಆ ಟ್ರಂಕಿನ್ಯಾಗ ಐತಿ."

ಬೋರವ್ವ ಮೂಗುಬೊಟ್ಟನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದಳು. ಕಿವಿಯ ಮೇಲಿನ ಸೆರಗನ್ನು ತಾನೇ ಸರಿಸಿದಳು. ಅವಳ ಕಿವಿಯ ಬುಗುಡಿಗಳೆರಡೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು.

"ಸೊಸಿ ಡಬ್ಬಿ ಕದ್ದು ನಾನೂ ಹಚ್ಕೋತಿದ್ನೆವಾ" ಎಂದಳು ಸಣ್ಣ ದನಿಯಲ್ಲಿ. ಮರುಕ್ಷಣ ಆ ದನಿ ದೊಡ್ಡದಾಯಿತು, ತಿರುಗಿದ್ದು ಡಬ್ಬಿಯವನ ಕಡೆಗೆ. "ಇವು ನಮ್ಮಪ್ಪ ಹಾಕಿದ ಬುಗುಡಿ! ನಮ್ಮಪ್ಪ ಖೊಟ್ಟಿ ಬಂಗಾರ ಹಾಕ್ಯಾನೇನಲೇ ಭಾಡ್ಯಾ? ತಗೀಲೇ ಬಲಗೈ!"

ಡಬ್ಬಿಯವ ಬಲಗೈ ತೆಗೆಯಲಿಲ್ಲ. ಎಡಗೈಯೊಂದರಲ್ಲೇ ಟ್ರಂಕು ಮುಚ್ಚಲು ಒದ್ದಾಡಿ, ಅರ್ಧ ಡಬ್ಬಿಗಳನ್ನು ರಸ್ತೆಯಲ್ಲೇ ಚೆಲ್ಲಿ, ಬಂದು ನಿಂತಿದ್ದ ಬಾದಾಮಿಯ ಬಸ್ಸಿನತ್ತ ಓಡಿದ. ಎಲ್ಲವನ್ನೂ ನೋಡುತ್ತಿದ್ದ ಕಂಡಕ್ಟರು, "ವಿಷದ ಟ್ರಂಕು ನನ್ನ ಗಾಡ್ಯಾಗ ಬ್ಯಾಡ" ಎಂದು ಬಾಗಿಲು ಎಳೆದುಕೊಂಡ. ಕೊನೆಗೆ ಅವನು ಬಿಸಿಲಿನಲ್ಲಿ ಟ್ರಂಕು ಹೊತ್ತು ನಡೆದೇ ಹೋದ. ಬಸ್ಸು ಹತ್ತಿದ ಹೆಂಗಸರು ಕಿಟಕಿಯಿಂದ ಕೇಕೆ ಹಾಕಿ ನಕ್ಕರು. ಆ ಮೇಲೆ ಅವನು ಕ್ರಾಸಿನಲ್ಲಾಗಲಿ ಇಳಕಲ್ಲಿನ ಸಂತೆಯಲ್ಲಾಗಲಿ ಕಾಣಿಸಲಿಲ್ಲ. ಚೆಲ್ಲಿದ ಡಬ್ಬಿಗಳನ್ನು ರೇಣವ್ವ ಆರಿಸಿ, ಗೋಣಿಚೀಲಕ್ಕೆ ಹಾಕಿ ಡಾಕ್ಟರಬಾಯಿಗೆ ಮುಟ್ಟಿಸಿದಳು.

ಬೋರವ್ವ ಅಲ್ಲೇ, ಎಲ್ಲರ ಎದುರೇ, ಮೂಗುಬೊಟ್ಟನ್ನು ಇಸಿದುಕೊಂಡು ಸೊಸೆಯ ಮೂಗಿನಿಂದ ಬೇವಿನ ಕಡ್ಡಿ ತೆಗೆದು ತನ್ನ ಕೈಯಾರೆ ಏರಿಸಿದಳು. "ತಪ್ಪಾತವಾ. ಮನಿಗಿ ನಡಿ" ಎಂದಳು. ಪದ್ಮವ್ವ ಅತ್ತಿಗೆಯ ಕಡೆ ನೋಡಿದಳು. ರೇಣವ್ವ ಆಗ ಮೊದಲ ಸಲ ಕಣ್ಣೀರು ಹಾಕಿದಳು, ನಗುತ್ತಲೇ.

ಬಾವು ಪೂರ್ತಿ ಇಳಿಯಲು ವರ್ಷವೇ ಹಿಡಿಯಿತು. ನಡುಕ ನಿಂತಿತು. ಕಲೆಗಳು ಮಾಸಿ, ಪದ್ಮವ್ವನ ಹುಟ್ಟುಬಣ್ಣ ಅಂದಾನಪ್ಪ ಕಾಯಿಸಿದ ಬಂಗಾರದ ಹಾಗೆ ಮೆಲ್ಲಗೆ ಹೊರಗೆ ಬಂತು. ಆ ವರ್ಷವೆಲ್ಲ ರೇಣವ್ವ ಆಡಿದ ಮಾತಿನಂತೆ ನಡೆದಳು. ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಬೆಣ್ಣೆ ಕೊಡಲು ಹೋದ ಮನೆಮನೆಯಲ್ಲೂ ಆ ಬೆಳ್ಳಗಾದ ಗುಂಡನ್ನು ಬಿಚ್ಚಿ ತೋರಿಸಿದಳು. ಬೇರೆ ಉಪದೇಶವೇನೂ ಮಾಡಲಿಲ್ಲ. "ಇದು ನನ್ನ ತವರಿನ ಬಂಗಾರ. ಈಗ ನಿಮ್ಮ ಪೆಟ್ಟಿಗ್ಯಾಗಿನ ಡಬ್ಬಿ ತಗೀರಿ" ಎನ್ನುತ್ತಿದ್ದಳು. ಇಲ್ಲವೆಂದವರ ಪೆಟ್ಟಿಗೆಗಳಿಂದಲೇ ಹೆಚ್ಚು ಡಬ್ಬಿಗಳು ಹೊರಬಿದ್ದವು. ಅಂದಾನಪ್ಪ ಆ ಗುಂಡನ್ನು ಕಾಯಿಸಿ ಸರಿಮಾಡಿಕೊಡುತ್ತೇನೆ ಎಂದರೂ ಅವಳು ಕೊಡಲಿಲ್ಲ. ಅವಳ ಬೋರಮಾಳದಲ್ಲಿ ಆ ಒಂದು ಗುಂಡಿನ ಜಾಗ ಖಾಲಿಯೇ ಉಳಿಯಿತು.

ಎಂಬತ್ತರ ದಶಕದಲ್ಲಿ ಪದ್ಮವ್ವನಿಗೆ ಹೆಣ್ಣುಮಗುವಾಯಿತು. ತಾಯಿಗಿಂತ, ಅಜ್ಜಿಗಿಂತ, ರೇಣವ್ವನಿಗಿಂತ ಒಂದು ಕೈ ಮಿಗಿಲು ಕಪ್ಪು. ತೊಟ್ಟಿಲಿಗೆ ಹಾಕುವ ದಿನ ಬಂದ ಹೆಂಗಸೊಬ್ಬಳು ಕೂಸಿನ ಮೇಲೆ ಬಾಗಿ, "ಬಣ್ಣ ಒಂದೀಟು..." ಎಂದು ಬಾಯಿ ತೆರೆದಳು. ರೇಣವ್ವ ಎದ್ದು ನಿಲ್ಲುವಷ್ಟರಲ್ಲಿ ಬೋರವ್ವನೇ ಮುಂದೆ ಬಂದಿದ್ದಳು, ಸೆರಗು ಹಿಂದೆ ಸರಿಸಿ, ಬುಗುಡಿ ಫಳಫಳ ಹೊಳೆಯುತ್ತ.

"ಹೆಚ್ಚಾಗೇತಿ ಅನ್ನವಾ" ಎಂದಳು, "ನಮ್ಮ ಮನ್ಯಾಗ ಯಾವುದೂ ಕಮ್ಮಿ ಇಲ್ಲ."

ಪದ್ಮವ್ವ ಕೂಸನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು ಕುಳಿತಳು.